ಹೂವಿಗೆ ಚಾಚಿದ ಎಡಗೈ

“ಕೈ ಎಡದ್ದೇ ಇರ್ಲಿ ಭವಿತಾ. ಬೆರಳು ಹೂವಿಗೆ ತಾಗುದು ಬೇಡ.”

ಅತ್ತೆ ಲೋಲಾಕ್ಷಿ ಇದನ್ನು ಎರಡು ಸಲ ಹೇಳಿದರು. ಭವಿತಾ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ನಕ್ಕಳು.

“ಮದುವೆ ಕಾಗದದಲ್ಲಿ ಎಡಗೈಯಾ ಅತ್ತೆ? ಜನ ನಗಾಡ್ತಾರೆ.”

“ನಗಾಡ್ಲಿ. ನಗಾಡಿದ್ರೆ ಯಾರೂ ಸಾಯುದಿಲ್ಲ.”

ಮೈದುನ ರಕ್ಷಿತನ ಮದುವೆ. ಜಾಲ್ಸೂರಿನ ಈ ಮನೆಗೆ ಸೊಸೆಯಾಗಿ ಬರುವ ಮೊದಲು ಭವಿತಾ ಪುತ್ತೂರಿನ ಪ್ರೆಸ್ಸೊಂದರಲ್ಲಿ ಕಾಗದಗಳ ವಿನ್ಯಾಸ ಮಾಡುತ್ತಿದ್ದವಳು. ಮನೆಯ ಹಳೆಯ ಹಿತ್ತಾಳೆ ಹರಿವಾಣದ ನಡುವೆ ಕೆತ್ತಿದ್ದ ಕುಟುಂಬದ ಗುರುತು ಕಾಗದದ ಮೇಲೆ ಬರಬೇಕೆಂದು ಹಿರಿಯರ ಆಸೆ. ನೆಟ್ಟಗೆ ಚಾಚಿದ ಒಂದು ಎಡಗೈ. ಬೆರಳ ತುದಿಯಿಂದ ಅಕ್ಕಿಕಾಳಿನಷ್ಟು ದೂರದಲ್ಲಿ ಒಂದು ಕೇಪಳ ಹೂ. ಕೆತ್ತಿದವನು ಅರ್ಧಕ್ಕೇ ಎದ್ದುಹೋದ ಹಾಗೆ ಕಂಡಿತು ಅವಳಿಗೆ. ಚಿತ್ರವನ್ನು ತಿರುಗಿಸಿದಳು, ಬಲಗೈಯಾಯಿತು. ಬೆರಳುಗಳನ್ನು ಹೂವಿನ ಸುತ್ತ ಮಡಚಿದಳು. ಈಗ ಚಂದ.

ರಕ್ಷಿತ ಕಾಗದ ಹಂಚಲು ಹೊರಟ ಮಧ್ಯಾಹ್ನವೇ ಎಂಟು ತಿಂಗಳ ಮಗಳ ತೊಟ್ಟಿಲಲ್ಲಿ ಒಂದು ಕೆಂಪು ಕೇಪಳ ಹೂ ಬಿದ್ದಿತ್ತು. ಒದ್ದೆ. ಮೂಗಿನ ಹತ್ತಿರ ತಂದರೆ ಸುಟ್ಟ ಕೂದಲಿನ ವಾಸನೆ. ಮರುದಿನ ಎರಡು. ಮೂರನೆಯ ದಿನ ಒಂದು ಹಿಡಿ. ಮಗು ಬಲಮುಷ್ಟಿ ಬಿಚ್ಚಲಿಲ್ಲ, ಹಾಲು ಮುಟ್ಟಲಿಲ್ಲ. ಮೈ ತಣ್ಣಗಾಗುತ್ತಾ ಬಂತು. ಡಾಕ್ಟರಿಗೂ ಕಾರಣ ಸಿಗಲಿಲ್ಲ.

ಗಂಡ ಮೋಕ್ಷಿತ್ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ದೊಡ್ಡವರೆಂದರೆ ಅತ್ತೆ, ಸೊಸೆ ಇಬ್ಬರೇ. ಭವಿತಾ ಅತ್ತೆಯ ಉಗುರಿನ ಸಂದಿ ನೋಡಿದಳು. ಸೆರಗಿನ ಗಂಟು ನೋಡಿದಳು. ಮಗುವಿನ ಕೋಣೆಗೆ ಚಿಲಕ ಹಾಕಿದಳು. ಕೊನೆಗೆ ಕೇಳಿಯೇಬಿಟ್ಟಳು.

“ನನ್ನನ್ನು ಹೆದರಿಸ್ಲಿಕ್ಕೆ ನೀವೇ ಇಡುದಲ್ವಾ?”

ಮೇಜಿನ ಮೇಲಿದ್ದ ಕಾಗದವನ್ನು ಅತ್ತೆ ಸರಿಯಾಗಿ ನೋಡಿದ್ದೇ ಆಗ. ಅವರ ತುಟಿ ಬೆಳ್ಳಗಾಯಿತು.

“ಹಿಂದೆ ಒಬ್ಬ ಮಾಟಗಾರ ಈ ಮನೆಯ ಹೆಣ್ಣು ಕೇಳಿ ಹೂ ಕಳಿಸಿದ್ದ. ಬಲಗೈಯಲ್ಲಿ ತೆಕ್ಕೊಂಡ್ರೆ ಹೆಣ್ಣು ಕೊಟ್ಟ ಹಾಗೆ. ಹಿರಿಯರು ಎಡಗೈ ಅಡ್ಡ ಹಿಡಿದ್ರು, ಕೊಡುದಿಲ್ಲ ಅಂತ. ಅದೇ ಗುರುತು. ಈಗ ಬಲಗೈ ಬರೆದು ನೀನು ಒಪ್ಪಿದ್ದಿ.”

“ಎಲ್ಲ ಸುಟ್ಟುಬಿಡ್ತೇನೆ!”

“ಹಂಚಿ ಆಯ್ತಲ್ಲ ಮಾರಾಯ್ತಿ.”

ಒಳಗೆ ತೊಟ್ಟಿಲ ಹಗ್ಗ ಕಿರುಗುಟ್ಟಿತು.

ಬಾಗಿಲ ಚಿಲಕ ಹಾಕಿದ ಹಾಗೆಯೇ ಇತ್ತು. ಭವಿತಾ ತೆಗೆದು ಒಳನುಗ್ಗಿದಳು. ಕಿಟಕಿ ಮುಚ್ಚಿತ್ತು. ನಡುಹಗಲು, ಆದರೂ ಕೋಣೆಯಲ್ಲಿ ಮಸಿಯಂಥ ಕತ್ತಲು. ತೊಟ್ಟಿಲು ತೂಗುತ್ತಿತ್ತು. ತೂಗುವವರಿಲ್ಲ. ಸುಟ್ಟ ಕೂದಲಿನ ವಾಸನೆ ಕೋಣೆ ತುಂಬಿತ್ತು. ಮಗುವಿನ ತುಟಿ ನೀಲಿ. ಮುಷ್ಟಿಯ ಸಂದಿಯಿಂದ ಕೆಂಪು ಎಸಳುಗಳು ಒಂದೊಂದಾಗಿ ಹೊರಗೆ ತೂರುತ್ತಿದ್ದವು. ಅತ್ತೆ ಮುಂದೆ ಬಂದರು. ಭವಿತಾ ಅವರನ್ನು ದೂಡಿದಳು.

“ಮುಟ್ಟಬೇಡಿ ನನ್ನ ಮಗುವನ್ನು!”

“ಬಿಡು ಮಗಾ. ಧಾರೆ ಎರೆಸಿಕೊಂಡು ಬಂದವಳು, ನಾನೂ ಈ ಮನೆಯ ಹೆಣ್ಣೇ.”

ಅತ್ತೆ ಬಲಗೈ ಚಾಚಿದರು. ಮಗುವಿನ ಮುಷ್ಟಿ ಬಿಚ್ಚಿತು. ಹೂ ಅಂಗೈಗೆ ಬಿತ್ತು. ಅವರ ಐದು ಬೆರಳೂ ತಾವಾಗಿಯೇ ಮಡಚಿಕೊಂಡವು. ಮಗು ಕಿಟಾರನೆ ಚೀರಿತು. ಬೆಳಕು ಬಂತು.

ಭವಿತಾ ಮಗುವನ್ನು ಎದೆಗವಚಿಕೊಂಡಳು. ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ.

ಅಂಗಳದಲ್ಲಿ ಯಾರೋ ಗಂಡಸು ಕೆಮ್ಮಿದ.

ಅತ್ತೆ ಹೊಸ ಮದುಮಗಳಂತೆ ಸೆರಗು ಸರಿಮಾಡಿಕೊಂಡರು. ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ಮಗುವನ್ನು ನೋಡಿದರು.

“ಹೋಗ್ತೇನೆ,” ಎಂದರು.

ಬರ್ತೇನೆ ಎನ್ನಲಿಲ್ಲ.