ಯಾವ ಗಟ್ಟಿ?

ಯಂತ್ರದ ವಜ್ರದ ಮೊನೆ ಲೋಹದ ಗುಂಡಿನ ಮೇಲೆ ಇಳಿದು ಒತ್ತಿತು. ಕಣ್ಣಿಗೆ ಕಾಣುವಂಥ ಗೀರೂ ಬೀಳಲಿಲ್ಲ. ಪರದೆಯಲ್ಲಿ ಹಸಿರು ಅಕ್ಷರ ಮೂಡಿತು: ‘ಗಟ್ಟಿ’.

೨೦೬೧ರಲ್ಲಿ ಬೆಳಗಾವಿಯ ಕಾರ್ಖಾನೆಯೊಂದರಲ್ಲಿ ಡಾ. ನೀಲಾಂಬಿಕಾ ಪಟ್ಟಣಶೆಟ್ಟಿ ಕಟ್ಟಿದ ಯಂತ್ರವಿದು. ಟೈಟಾನಿಯಂಗೆ ಬೇರೆ ಲೋಹ ಬೆರೆಸಿ ಎರಕ ಹೊಯ್ದ ಈ ಗುಂಡುಗಳು ಸವೆದ ಸೊಂಟದ ಕೀಲಿನ ಜಾಗಕ್ಕೆ ಹೋಗುತ್ತವೆ. ಮೊದಲು ಪರೀಕ್ಷೆಗೆ ವಾರ ಹಿಡಿಯುತ್ತಿತ್ತು, ಈಗ ಒಂದು ಸೆಕೆಂಡು. ಯಂತ್ರ ಬಂದದ್ದೇ ತಡ, ಮಾಲೀಕ ಅವಿನಾಶ ಕುಲಗೋಡ ಉಳಿದ ಪರೀಕ್ಷೆಗಳನ್ನೆಲ್ಲ ನಿಲ್ಲಿಸಿಬಿಟ್ಟ.

ಕುಲುಮೆಯ ರಾಜೇಸಾಬನಿಗೆ ಮಾತ್ರ ಸಮಾಧಾನವಿರಲಿಲ್ಲ. ಅವನ ಹೆಂಡತಿ ಹಸೀನಾಗೆ ಅಂದು ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಇದೇ ಎರಕದ ಗುಂಡು ಕೂಡಿಸುವವರಿದ್ದರು. ಅದೇ ಎರಕದ ಇನ್ನೊಂದನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆ ಬೀಸಿದ. ಎರಡು ಹೋಳಾಯಿತು.

“ಅಕ್ಕಾರ, ಇದೇನ್ರೀ ಇದು! ನಿಮ್ಮ ಮಷೀನ ಗಟ್ಟಿ ಅಂದಿತ್ತಲ್ರೀ?”

ನೀಲಾಂಬಿಕಾ ಹೋಳುಗಳನ್ನು ಕೈಗೆತ್ತಿಕೊಂಡಳು. “ಗೀರಿಗೆ ಗಟ್ಟಿ ಅಂದಿತ್ತು, ರಾಜೇಸಾಬ. ಪೆಟ್ಟಿಗೆ ಗಟ್ಟಿ ಅನ್ನಲಿಲ್ಲ. ಎರಡಕ್ಕೂ ಒಂದ ಮಾತು ನಮ್ಮ ಬಾಯಾಗ. ಪರದೆ ಮ್ಯಾಲ ಅದನ್ನ ಬರದಾಕಿ ನಾನ.”

ಮಾಲೀಕನ ಕೋಣೆಗೆ ನುಗ್ಗಿ ಹೋಳುಗಳನ್ನು ಮೇಜಿನ ಮೇಲೆ ಎಸೆದಳು. ಅವನು ನಕ್ಕ. ಎಂಥ ಹೊತ್ತಿನಲ್ಲಿ ನಗು!

“ಸೊಂಟಕ್ಕ ಯಾರರೆ ಸುತ್ತಿಗೀಲೆ ಹೊಡೀತಾರೇನ್ರಿ?”

“ಕಾಲ ಜಾರಿ ಬಿದ್ರ ಸಾಕು, ಒಳಗ ಒಡದು ಚೂರಾಗ್ತೈತಿ! ಹಳೇ ಪರೀಕ್ಷಾ ನಿಲ್ಲಿಸಬ್ಯಾಡ್ರಿ ಅಂತ ಮೂರು ಸಲ ಬರದೀನಿ. ಓದೀರೇನು? ನಾಚಿಕಿ ಆಗೂದಿಲ್ಲೇನು ನಿಮಗ?”

“ನಿಮ್ಮ ಮಷೀನ ಹೇಳಿದ್ದನ್ನ ನಂಬೀನಿ. ಅದೂ ನನ್ನ ತಪ್ಪೇನು?”

ಅವಳ ಮೈ ಉರಿಯಿತು. ಅವನ ಮೇಲೆ ಎಷ್ಟೋ, ತನ್ನ ಮೇಲೂ ಅಷ್ಟೇ. ಅಲ್ಲೇ ನಿಂತು ಆಸ್ಪತ್ರೆಗೆ ಫೋನು ಹಚ್ಚಿದಳು. ಹಸೀನಾಳನ್ನು ಆಪರೇಷನ್ ಕೋಣೆಯ ಬಾಗಿಲಿನಿಂದ ಹಿಂದಕ್ಕೆ ತಂದರು. ಬಾಗಿಲಲ್ಲಿ ನಿಂತಿದ್ದ ರಾಜೇಸಾಬ ಆಸ್ಪತ್ರೆಗೆ ಓಡಿದ.

ಆದರೆ ಇನ್ನೂ ನೂರಾ ಎಂಬತ್ತು ಗುಂಡುಗಳು ಆಗಲೇ ಜನರ ಸೊಂಟದೊಳಗೆ ನಡೆದಾಡುತ್ತಿದ್ದವು. ಮುಂದಿನ ಕಾಲದ ಕತೆ ತಾನೇ ಎಂದು ಪುಟ ತಿರುವುವವರು ತಿರುವಲಿ. ಹಸಿರು ಅಕ್ಷರ ಕಂಡ ಕೂಡಲೇ, ಏನನ್ನು ಅಳೆದೆ ಎಂದು ಕೇಳುವುದನ್ನೇ ಬಿಟ್ಟುಬಿಡುವ ರೋಗ ಇವತ್ತಿನದು, ನಮ್ಮದು.

ನೀಲಾಂಬಿಕಾ ಗುಂಡು ಕೂಡಿಸಿಕೊಂಡವರ ಪಟ್ಟಿ ತರಿಸಿ ಮೊದಲ ಹೆಸರಿಗೆ ಫೋನು ಮಾಡಿದಳು. ಆ ಕಡೆಯಿಂದ ಮುದುಕಿಯೊಬ್ಬಳ ಉಲ್ಲಾಸದ ದನಿ ಕೇಳಿತು:

“ಯಾರವಾ? ಜೋರ ಹೇಳು, ಮೆಟ್ಟಲಾ ಇಳ್ಯಾಕತ್ತೀನಿ.”