ಮುಂಜಾನೆಯ ಮುಖ, ಸಂಜೆಯ ಮುಖ

ಗೋಡೆಯ ಮೇಲಿನ ಟಿವಿಯಲ್ಲಿ ಗೌರವ ನಗುತ್ತಿದ್ದ.

ಸ್ಟುಡಿಯೋದ ಗಾಜಿನ ಬಾಗಿಲು ತಳ್ಳಿದ ಮಂಜಿರಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಗೌರವ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಅವಳೊಂದಿಗಿನ ಮದುವೆಗೆ ಹನ್ನೆರಡೇ ದಿನ ಉಳಿದಿದ್ದಾಗ, ತನ್ನದೇ ಲಗ್ನಪತ್ರಿಕೆ ಹಂಚಲು ಬೈಕ್ ಮೇಲೆ ಹೋದವನು ತಿರುಗಿ ಬಂದಿರಲಿಲ್ಲ.

ಇಲ್ಲಿ ನೋಡಿದರೆ ಬೀದರ ಕೋಟೆಯ ಗೋಡೆಗೆ ಒರಗಿ ನಗುತ್ತಿದ್ದಾನೆ... ಮರುಕ್ಷಣ ತೆರೆಯ ಮೇಲೆ ನಾನು! ಅವನತ್ತ ನೋಡಿ ಕಣ್ಣು ತುಂಬ ನಗುತ್ತಿದ್ದೇನೆ! ಹಿಂದೆ ಪಿಟೀಲಿನ ಸಂಗೀತ ಬೇರೆ.

ಅದು ಅವರ ಪ್ರಿ-ವೆಡ್ಡಿಂಗ್ ವಿಡಿಯೋ. ಭಾಲ್ಕಿಯ ಈ ಸ್ಟುಡಿಯೋದವನೇ ತೆಗೆದದ್ದು. ಈಗ ಗಿರಾಕಿಗಳಿಗೆ ತೋರಿಸುವ ಡೆಮೋ ಆಗಿ ಓಡುತ್ತಿತ್ತು.

"ನಾಚಿಕಿ ಆಗಂಗಿಲ್ಲೇನ್ರಿ ನಿಮಗ?" ಅವಳು ಒಳಗೆ ನುಗ್ಗಿದಳು. "ಸತ್ತವನ್ನ ತೋರ್ಸಿ ಗಿರಾಕಿ ಹಿಡಿತೀರೇನು? ಬಂದ್ ಮಾಡ್ರಿ ಅದನ್ನ!"

ಕಂಪ್ಯೂಟರ್ ಮುಂದೆ ಕೂತಿದ್ದ ಆಶೀಷ ಎದ್ದು ನಿಂತ. ಮದುವೆಯ ವಿಡಿಯೋಗಳನ್ನು ಅವನೇ ತೆಗೆದು ಅವನೇ ಎಡಿಟ್ ಮಾಡುವವನು. ಮಾತು ಕಡಿಮೆ.

"ಮಾಡ್ಲಾಕ ಬರಂಗಿಲ್ರಿ, ಮಂಜಿರಿಯವ್ರ."

"ಯಾಕ ಬರಂಗಿಲ್ಲ?"

ಅವನು ಮೂಲೆಯ ಬೆಂಚಿನ ಕಡೆ ನೋಡಿದ. ಅಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಟಿವಿಯಿಂದ ಕಣ್ಣು ತೆಗೆಯದೆ ಅಂದಳು:

"ಒದರಬ್ಯಾಡ ಮಂಜಿರಿ. ಇನ್ನ ಅರ್ಧ ಅದ. ಬಂದು ಕೂಡು."

ಅಂಬೂಬಾಯಿ! ಗೌರವನ ತಾಯಿ!

ಸಾಯಗಾಂವದ ಅವಳ ಮನೆಯಲ್ಲಿ ಗೌರವನ ಅಪ್ಪ ಮಾಧವರಾವ ಮಗನ ಫೋಟೋ ಎಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದಿದ್ದರು. ಅವನ ಹೆಸರು ಎತ್ತಿದರೆ ಊಟ ಬಿಟ್ಟು ಏಳುತ್ತಿದ್ದರು. ಹಾಗಾಗಿ ಆ ತಾಯಿ ಪ್ರತಿ ಗುರುವಾರ ದತ್ತನ ಗುಡಿಗೆ ಅಂತ ಸುಳ್ಳು ಹೇಳಿ ಬಸ್ ಹತ್ತಿ ಬರುತ್ತಿದ್ದಳು. ನಾಲ್ಕು ನಿಮಿಷದ ವಿಡಿಯೋವನ್ನು ಐದಾರು ಸಲ ನೋಡಿ, ಚೀಲ ಎತ್ತಿಕೊಂಡು ಹೋಗುತ್ತಿದ್ದಳು. ಆಶೀಷ ಒಂದು ದಿನವೂ ಬೇಸರ ಪಟ್ಟಿರಲಿಲ್ಲ.

ಮಂಜಿರಿ ಬೆಂಚಿನ ತುದಿಗೆ ಕೂತಳು. ಅಂಬೂಬಾಯಿ ಅವಳ ಕೈ ಹಿಡಿದುಕೊಂಡಳು.

'ತನ್ನ ಮಗನನ್ನು ನಾನು ಎಷ್ಟು ಪ್ರೀತಿಸಿದ್ದೆ ಅಂತ ನೋಡುತ್ತಿದ್ದಾಳೆ... ದೇವರೇ, ನಾನು ಹೇಗೆ ಹೇಳಲಿ?'

ಹೇಳಬೇಕಾದದ್ದು ಇಷ್ಟೇ. ಗೌರವನನ್ನು ಅವಳು ಭೇಟಿಯಾದದ್ದು ಬರೀ ಮೂರು ಸಲ. ಒಳ್ಳೆಯ ಹುಡುಗ. ಅವನು ಸತ್ತಾಗ ಅವಳಿಗೆ ಸಂಕಟವಾಯಿತು, ಅದು ನಿಜ. ಆದರೆ ಪ್ರೀತಿ? ಅದಕ್ಕೆ ಹೊತ್ತೇ ಸಿಕ್ಕಿರಲಿಲ್ಲ.

ನಮ್ಮ ಬಂಧು ಬಳಗದ ವಾಟ್ಸಪ್ ಗುಂಪುಗಳಿಗೆ ಇಂಥದ್ದೆಲ್ಲ ಎಲ್ಲಿ ತಿಳಿಯಬೇಕು! ಆ ವಿಡಿಯೋ ಅವಳೂರು ಔರಾದಿನ ಮನೆಮನೆ ಸುತ್ತಿತ್ತು. 'ಅಯ್ಯೋ, ಎಂಥಾ ಪ್ರೀತಿ ನೋಡ್ರಿ' ಅಂತ ಅತ್ತವರೇ ಹಿತ್ತಿಲಲ್ಲಿ 'ಹುಡುಗಿ ಕಾಲ್ಗುಣ ಸರಿ ಇಲ್ಲ' ಅಂತಲೂ ಆಡಿದರು. ಎರಡನ್ನೂ ಕೇಳಲಾರದೆ ಅವಳು ಔರಾದು ಬಿಟ್ಟು ಬೀದರಕ್ಕೆ ಬಂದಳು. ಅಲ್ಲಿ ಮೈಲೂರು ಬಡಾವಣೆಯ ಕಾಕು, ಅಂದರೆ ಚಿಕ್ಕಮ್ಮನ ಮನೆಯಲ್ಲಿದ್ದು ಪತ್ರಿಕೋದ್ಯಮದ ಎಂ.ಎ.ಗೆ ಸೇರಿದಳು.

ಈಗ ಅವಳು ಇಲ್ಲಿಗೆ ಬಂದ ಕಾರಣವೂ ಓದೇ. ಒಂದು ರೊಮ್ಯಾಂಟಿಕ್ ಕಾಮಿಡಿಯ ಮೊದಲ ಆರು ನಿಮಿಷ ಬಿಡಿಸಿ ಬರೆಯಬೇಕು. ಯಾವ ಶಾಟು, ಎಷ್ಟು ಸೆಕೆಂಡು, ಯಾಕೆ? ಯಾರಾದರೂ ಎಡಿಟರ್ ಜೊತೆ ಕೂತು ಮಾಡಿ ಅಂದಿದ್ದರು ಪಾಠ ಮಾಡುವ ಸರ್. ಅವಳಿಗೆ ಗೊತ್ತಿದ್ದ ಎಡಿಟರ್ ಇವನೊಬ್ಬನೇ!

ಅಂಬೂಬಾಯಿ ಎದ್ದು ಹೋದ ಮೇಲೆ ಮಂಜಿರಿ ತಲೆ ತಗ್ಗಿಸಿ ಅಂದಳು: "ತಪ್ಪು ತಿಳಕೊಂಡೆ. ಮಾಫ್ ಮಾಡ್ರಿ."

"ಇರ್ಲಿ ಬಿಡ್ರಿ. ನೀವು ಏನ್ ಕೆಲಸಕ್ಕ ಬಂದಿದ್ರಿ, ಅದು ಹೇಳ್ರಿ."

ಹೀಗೆ ಪ್ರತಿ ಶನಿವಾರದ ಪಾಠ ಶುರುವಾಯಿತು.

ಸಿನಿಮಾದ ಆರಂಭ ಹೀಗಿತ್ತು. ಮದುವೆ ಛತ್ರದ ಬಾಗಿಲಲ್ಲಿ ಚಪ್ಪಲಿಗಳ ದೊಡ್ಡ ರಾಶಿ. ನಾಯಕಿ ತನ್ನದೊಂದನ್ನು ಹುಡುಕುತ್ತಿದ್ದಾಳೆ. ಛತ್ರದ ಹಿಂದೆ ನಾಯಕ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅವಳದ್ದು ಹಾಕಿಕೊಂಡು ಕುಂಟುತ್ತಿದ್ದಾನೆ.

"ನಲವತ್ತೊಂದು ಶಾಟ್ ಅವ ನೋಡ್ರಿ," ಆಶೀಷ ಎಣಿಸಿ ತೋರಿಸಿದ. "ಒಂದರಾಗನೂ ಇಬ್ರೂ ಕೂಡಿ ಇಲ್ಲ."

"ಆದ್ರೂ ಇವ್ರಿಬ್ರದೇ ಜೋಡಿ ಅಂತ ಮೊದಲೇ ಗೊತ್ತಾಗ್ತದಲ್ರಿ?"

"ಅದೇ ಕರಾಮತ್ತು. ಆಕಿ ಬಲಕ್ಕ ನೋಡ್ತಾಳ. ಕಟ್. ಅವನು ಎಡಕ್ಕ ನೋಡ್ತಾನ. ನಡುವ ಒಂದು ಗ್ವಾಡಿ ಅದ, ಆದ್ರ ನಮ್ಮ ಕಣ್ಣು ಗ್ವಾಡಿ ತಗದುಬಿಡ್ತದ. ಮ್ಯಾಲ ಒಂದೇ ಹಾಡು ಎಳದ್ರ ಮುಗೀತು, ಕಟ್ ಆಗಿದ್ದೇ ಗೊತ್ತಾಗಂಗಿಲ್ಲ."

ನಾಯಕ ಅವಳ ಚಪ್ಪಲಿಯಲ್ಲಿ ಮೆಟ್ಟಿಲಿಳಿಯಲು ಹೋಗಿ ಜಾರಿ ಜಿಲೇಬಿ ತಟ್ಟೆಯ ಮೇಲೆ ಕೂತ. ಮಂಜಿರಿ ನಕ್ಕುಬಿಟ್ಟಳು! ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ. ನಕ್ಕವಳೇ ಗಾಬರಿಯಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ನೋಡಿದಳು.

ಆಶೀಷ ನೋಡದವನಂತೆ ಕೀಬೋರ್ಡ್ ಒರೆಸತೊಡಗಿದ. ಅವನ ಆ ಒಳ್ಳೆಯತನ ಅವಳ ಮನಸ್ಸಿಗೆ ನಾಟಿತು. ಮುಂದಿನ ಶನಿವಾರ ಯಾವಾಗ ಬಂದೀತು ಅಂತ ಬಸ್ಸಿನಲ್ಲಿ ಲೆಕ್ಕ ಹಾಕುತ್ತ, ತನ್ನ ಮೇಲೆ ತಾನೇ ಸಿಡುಕುತ್ತ ಬೀದರಕ್ಕೆ ಮರಳಿದಳು.

ಆದರೆ ಕಲಿತ ವಿದ್ಯೆ ಸುಮ್ಮನಿರುತ್ತದೆಯೇ? ಮೂರನೆಯ ಶನಿವಾರ ಅವಳು ಕೇಳಿದಳು:

"ನನ್ನ ವಿಡಿಯೋದ್ದು ಕಟ್ ಮಾಡದ ಶಾಟ್ ಅವ ಏನ್ರಿ?"

ಆಶೀಷನ ಕೈ ನಿಂತಿತು. "ಯಾಕ್ರಿ?"

"ತೋರಸ್ರಿ."

ಆ ದಿನ ಗೊಬ್ಬರದ ಕಂಪನಿಯ ಕೆಲಸದಲ್ಲಿ ಸಿಕ್ಕಿಕೊಂಡು ಗೌರವ ಕೋಟೆಗೆ ಬಂದದ್ದು ಸಂಜೆ ನಾಲ್ಕಕ್ಕೆ. ಅವಳ ಒಂಟಿ ಶಾಟುಗಳನ್ನೆಲ್ಲ ಮುಂಜಾನೆಯೇ ತೆಗೆದು ಮುಗಿಸಿದ್ದರು. ಇದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಈಗ ತೆರೆಯ ಮೇಲೆ ಬಂತು.

ಕ್ಯಾಮೆರಾದ ಹಿಂದಿನಿಂದ ಆಶೀಷನ ದನಿ: "ಮೇಡಂ, ಅಲುಗಾಡಬ್ಯಾಡ್ರಿ. ನಿಮ್ಮ ಹಿಂದ ಒಂದು ಮಂಗ್ಯಾ ಕೂತದ. ನಿಮಗಿಂತ ಚೆಂದ ಪೋಸ್ ಕೊಡ್ಲಾಕತ್ತದ."

ಅದಕ್ಕೆ ಅವಳು ನಕ್ಕಿದ್ದಳು. ಮಂಗನನ್ನು ನೋಡಿ ಅಲ್ಲ. ಕ್ಯಾಮೆರಾದ ಮೇಲಿನಿಂದ ಇಣುಕುತ್ತಿದ್ದವನ ಮುಖ ನೋಡಿ, ಕಣ್ಣು ತುಂಬ. ಔರಾದಿನ ಜನ ನೋಡಿ ಅತ್ತಿದ್ದ ನಗು ಅದೇ!

ಮಂಜಿರಿ ತೆರೆಯಿಂದ ಆಶೀಷನ ಕಡೆ ತಿರುಗಿದಳು.

"ನಿಮಗ ಗೊತ್ತಿತ್ತು."

"ಹೌದ್ರಿ."

"ಗೊತ್ತಿದ್ದೂ... ಅದನ್ನ ಅವನ ಮುಂದ ಜೋಡಿಸಿದ್ರಿ! ಆ ತಾಯಿ ಕುಂತು ನೋಡ್ಲಿ ಅಂತ ಬಿಟ್ರಿ!"

"ನಗು ನನ್ನ ಕಡಿ ಬಂದಿತ್ತು. ಆದ್ರ ಅದು ನಂದಲ್ಲ ಅಂತ ನನಗ ಗೊತ್ತಿತ್ರಿ," ಅವನು ಮೆಲ್ಲಗೆ ಅಂದ. "ಅದಕ್ಕ ಗೌರವ ಅವರಿಗಿ ಕೊಟ್ಟೆ. ಲಗ್ನ ಆಗಿ ಸುಖವಾಗಿ ಇರ್ತೀರಿ ಅಂತ ತಿಳಿದೇ ಕೊಟ್ಟೆ."

ಅವಳು ಚೀಲ ಎತ್ತಿಕೊಂಡು ಹೊರಬಿದ್ದಳು.

'ನಿಶ್ಚಯವಾದ ಹೆಣ್ಣು, ಇನ್ನೊಬ್ಬನ ಕಡೆ ನಕ್ಕೆ... ಹದಿನೈದೇ ದಿನಕ್ಕೆ ಅವನು ರಸ್ತೆಯ ಮೇಲೆ ಸತ್ತ. ಜನ ಅಂದದ್ದು ಸುಳ್ಳೇ?'

ಸುಳ್ಳು ಅಂತ ಯಾರಾದರೂ ಹೇಳಬೇಕಿತ್ತು. ಯಾರೂ ಇರಲಿಲ್ಲ. ನಾಲ್ಕು ಶನಿವಾರ ಹಾಗೇ ಕಳೆದವು. ಹೇಗೋ ಬರೆದು ಕೊಟ್ಟ ಹಾಳೆಗಳಿಗೆ ಒಳ್ಳೆಯ ಅಂಕ ಬಂದವು, ಅವಳಿಗೆ ಅದೂ ಬೇಡವಾಗಿತ್ತು. ಆಶೀಷನ ನೆನಪು ಬಂದಾಗೆಲ್ಲ ತಾನು ಒಬ್ಬ ತಾಯಿಯನ್ನು ದೋಚುತ್ತಿದ್ದೇನೆ ಅನಿಸುತ್ತಿತ್ತು. ಈ ಸುಳ್ಳು ಇರುವ ತನಕ ತನಗೆ ಬದುಕಿಲ್ಲ. ನಿಜ ಹೇಳಿದರೆ ಆ ತಾಯಿಗೆ ಉಳಿದದ್ದೂ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ!

ಐದನೆಯ ವಾರ, ಗುರುವಾರ, ಅವಳು ಭಾಲ್ಕಿಯ ಬಸ್ ಹತ್ತಿದಳು.

ಅಂಬೂಬಾಯಿ ಅದೇ ಬೆಂಚಿನ ಮೇಲಿದ್ದಳು. ಮಂಜಿರಿ ಅವಳ ಕಾಲ ಬಳಿ ನೆಲದ ಮೇಲೇ ಕೂತಳು. ಆಶೀಷ ಗೋಡೆಗೆ ಬೆನ್ನು ಹಚ್ಚಿ ನಿಂತ.

"ಅತ್ಯಾ... ಒಂದು ಮಾತು ಹೇಳ್ಬೇಕ್ರಿ. ಆ ನಗು..."

"ಅವನ ಕಡಿ ನಕ್ಕಿದ್ದಲ್ಲ," ಅಂದಳು ಅಂಬೂಬಾಯಿ.

ಮಂಜಿರಿ ತಟ್ಟನೆ ತಲೆಯೆತ್ತಿದಳು.

"ಹೊಲದಾಗ ಹುಟ್ಟಿ ಬೆಳದಾಕಿ ನಾ. ನೆರಳು ನೋಡಿ ಹೊತ್ತು ಹೇಳ್ತೇನಿ. ನಿನ್ನ ಮಾರಿ ಮ್ಯಾಲ ಮುಂಜಾನಿ ಬಿಸಲದ. ನನ್ನ ಮಗನ ಮಾರಿ ಮ್ಯಾಲ ಸಂಜಿ ಬಿಸಲು. ಹ್ಯಾಂಗ ನಗ್ತೀ ನೀ ಅವನ ಕಡಿ? ಅವ ಇನ್ನ ಬಂದೇ ಇರಲಿಲ್ಲಲ್ಲ."

"ಮೊದಲಿಂದ... ಗೊತ್ತಿತ್ತೇನ್ರಿ?"

"ಎರಡನೇ ವಾರಕ್ಕೇ ಗೊತ್ತಾತು."

"ಮತ್ತ ಯಾಕ ನೋಡ್ತೀರಿ, ಅತ್ಯಾ?"

ಅಂಬೂಬಾಯಿ ಮೊದಲ ಸಲ ಟಿವಿಯಿಂದ ಕಣ್ಣು ತೆಗೆದು ಅವಳನ್ನು ನೋಡಿದಳು.

"ನಾ ನಿನ್ನ ನೋಡ್ಲಾಕ ಬರ್ತಿದ್ದೆನೇನು? ನನ್ನ ಮಗನ್ನ ನೋಡ್ಲಾಕ ಬರ್ತಿದ್ದೆ. ನಡುನಡುವ ನೀನೇ ಅಡ್ಡ ಬರ್ತಿದ್ದಿ."

ಕಹಿಯಿಲ್ಲದೆ ಅಂದ ಮಾತು. ಅದಕ್ಕೇ ಮಂಜಿರಿಗೆ ತಡೆಯಲಾಗಲಿಲ್ಲ, ಆ ಮೊಣಕಾಲಿಗೆ ಹಣೆ ಹಚ್ಚಿ ಬಿಕ್ಕಿದಳು. ಅಂಬೂಬಾಯಿ ಅವಳ ತಲೆಯ ಮೇಲೆ ಕೈಯಿಟ್ಟು ಆಶೀಷನಿಗೆ ಹೇಳಿದಳು:

"ಈಕಿನ ಅದರಾಗಿಂದ ತಗದುಬಿಡೋ. ನನ್ನ ಮಗ ಒಬ್ಬನೇ ಇರ್ಲಿ. ಈಕಿಗೂ ಬಿಡುಗಡಿ ಆಗ್ತದ, ನನಗೂ ಅವ ಪೂರಾ ಸಿಗ್ತಾನ."

ಆಶೀಷ ಕಂಪ್ಯೂಟರ್ ಮುಂದೆ ಕೂತ. ಇಬ್ಬರೂ ಹೆಂಗಸರು ಅವನ ಹಿಂದೆ ನಿಂತರು. ಒಂದೊಂದೇ ಶಾಟ್... ಮುಂಜಾನೆಯ ಮಂಜಿರಿ ಹೋದಳು. ದುಪಟ್ಟಾ ಹಾರಿಸುವ ಮಂಜಿರಿ ಹೋದಳು. ಕಣ್ಣು ತುಂಬ ನಕ್ಕವಳೂ ಹೋದಳು. ಕೊನೆಗೆ ಉಳಿದದ್ದು ಒಂದು ನಿಮಿಷ ಹತ್ತು ಸೆಕೆಂಡಿನ ಗೌರವ.

"ಹಾಡೂ ತಗೀಲೇನ್ರಿ, ಮಾವಶಿ?" ಆಶೀಷ ಕೇಳಿದ. "ಅದರ ಕೆಳಗ ಅವರ ಮಾತದ."

"ಮಾತಾ?" ಅಂಬೂಬಾಯಿ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದಳು.

ಪಿಟೀಲು ನಿಂತಿತು. ಗಾಳಿಯ ಸದ್ದು. ಆಮೇಲೆ ಆ ದನಿ, ಅವಸರದ, ನಗುವ ದನಿ:

"ಲೇಟ್ ಆಯ್ತ್ರಿ, ಮಾಫ್ ಮಾಡ್ರಿ. ಲಗೂ ಮುಗಸ್ರಿ ಭೈಯಾ... ನಮ್ಮವ್ವ ಉಣದಂಗ ಕುಂತಿರ್ತಾಳ."

"ಇಲ್ಲೋ ಅಪ್ಪಾ..." ಅಂಬೂಬಾಯಿ ತೆರೆಗೆ ಕೈ ಚಾಚಿದಳು. "ಆ ದಿನ ನಾ ಉಂಡುಬಿಟ್ಟಿದ್ದೆನೋ!"

ಆಮೇಲೆ ಅವಳು ಅತ್ತದ್ದನ್ನು ಬರೆಯುವುದು ಬೇಡ.

ಹೊರಡುವ ಮುಂಚೆ ಆಶೀಷ ಕೊಟ್ಟ ಪೆನ್‌ಡ್ರೈವನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಮನ್ಯಾಗ ಟಿವಿಗೇ ಹಚ್ಚತೇನಿ. ಅವರು ಬೈದ್ರ ಬೈಲಿ, ಮಗನ ಮಾತು ಕೇಳ್ಲಿ." ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು.

"ಆ ಮುಂಜಾನಿ ಕ್ಯಾಮೆರಾ ಹಿಂದ ಯಾರಿದ್ದ ಅಂತ ನನಗ ಗೊತ್ತದ. ಆಶೀರ್ವಾದ ಕೇಳಬ್ಯಾಡ್ರಿ, ಇವತ್ತ ನನ್ನ ಕಡಿಂದ ಆಗಂಗಿಲ್ಲ. ಆದ್ರ ನಿಮ್ಮ ಮ್ಯಾಲ ನಂದು ಶಾಪಾನೂ ಇಲ್ಲ."

ಅಂಬೂಬಾಯಿಯ ಬಸ್ಸು ಹೋಯಿತು. ಸ್ಟುಡಿಯೋದ ಟಿವಿ ಕಪ್ಪಾಗಿತ್ತು.

"ಆಶೀಷ," ಅವಳೇ ಮೊದಲು ಅಂದಳು. "ಅವನು ಸತ್ತದ್ದು ನನ್ನಿಂದಲ್ಲ, ಹೌದಲ್ರಿ?"

"ಅಲ್ರಿ. ಸಾವಿರ ಸಲ ಕೇಳ್ರಿ, ಅಲ್ಲ ಅಂತೇನಿ."

"ನಾಲ್ಕು ಶನಿವಾರ ನಾ ಬರ್ಲಿಲ್ಲ."

"ಅಂಗಡಿ ಬಾಗಿಲಾ ತಗದಿಟ್ಟೇ ಕುಂತಿದ್ದೆ."

ಅವಳು ಕಣ್ಣೊರೆಸಿಕೊಂಡಳು. "ನಿಮ್ಮನ್ನ ಬಿಟ್ಟು ನಂಗ ನಿಜ ಹೇಳ್ಲಾಕ ಬ್ಯಾರೆ ಯಾರೂ ಇಲ್ರಿ. ಇದಕ್ಕ ಪ್ರೀತಿ ಅಂತಾರೋ ಏನೋ. ನಂಗ ಹಂಗೇ ಅನಸ್ಲಾಕತ್ತದ."

"ನನಗ ಆ ದಿನಾನೇ ಅನಸಿತ್ರಿ," ಅವನು ಅಂದ. "ಬಾಯಿ ತಗೀಲಾಕ ಹಕ್ಕಿರಲಿಲ್ಲ."

"ಆಯಿತವಾರ ಔರಾದಿಗಿ ಬರ್ತೀರೇನು? ನಮ್ಮಪ್ಪನ ಎದುರಿಗಿ ಕೂಡಬೇಕಾಗ್ತದ. ಊರು ಸುಮ್ಮ ಇರಂಗಿಲ್ಲ, ಬಾಯಿಗಿ ಬಂದಂಗ ಆಡ್ತಾರ."

"ಬರ್ತೇನ್ರಿ."

"ಕ್ಯಾಮೆರಾ ತರಬ್ಯಾಡ್ರಿ."

"ಇಲ್ರಿ," ಅಂದ ಆಶೀಷ. "ಖಾಲಿ ಕೈಲೇ ಬರ್ತೇನಿ."