ಮದುವೆ ಕಾರಿನ ನಡುಕ

ಭಾನುವಾರ ಬೆಳಿಗ್ಗೆ ಪುಷ್ಪ ಮೊದಲ ಬಸ್ಸಿಗೇ ಬಂಗಾರಪೇಟೆಯಿಂದ ಹತ್ತಿರದ ಗಣಿಯೂರು ಮೈಸೂರು ಮೈನ್ಸಿಗೆ ಬಂದಿಳಿದಾಗ ಅವಳ ಅಕ್ಕ ಶಶಿರೇಖ ಮೊದಲು ನೋಡಿದ್ದು ಅವಳ ಪಾದಗಳನ್ನು. ತಂಗಿಯ ಕಾಲಲ್ಲಿ ಒಂದು ತನ್ನ ಚಪ್ಪಲಿ, ಇನ್ನೊಂದು ಅಮ್ಮನದು. ಏನಾಯಿತೆಂದು ಕೇಳುವಷ್ಟರಲ್ಲಿ ಪುಷ್ಪ ಅಕ್ಕನನ್ನು ದಾಟಿ, ಜಗಲಿಯ ಮೇಲೆ ಕಾಫಿ ಆರಿಸಿಕೊಳ್ಳುತ್ತಿದ್ದ ಆದಿನಾರಾಯಣಪ್ಪನವರ ಮುಂದೆ ನಿಂತಿದ್ದಳು.

"ಮಾವ, ಅಣ್ಣ ನನ್ನ ಮದ್ವೆ ಮುರೀತಾನಂತೆ. ಕಾರು ನಡುಗ್ತೈತೆ ಅಂತ."

ಆದಿನಾರಾಯಣಪ್ಪ ಶಶಿರೇಖಳ ಗಂಡನ ತಂದೆ. ಚಿನ್ನದ ಗಣಿ ಮುಚ್ಚುವವರೆಗೂ ಅದರ ಗೇಟಿನಲ್ಲಿ ತಪಾಸಣೆಯ ಕೆಲಸ ಮಾಡಿದವರು. ಪಾಳಿ ಮುಗಿಸಿ ಮೇಲೆ ಬಂದವರ ಬುತ್ತಿ ಡಬ್ಬಿ, ಬೂಟಿನ ಹಿಮ್ಮಡಿ, ತಲೆಗೂದಲು ಎಲ್ಲವನ್ನೂ ನೋಡಿ ನೋಡಿ ಅವರ ಕಣ್ಣು ಪಳಗಿತ್ತು. ಗಣಿ ಹೋದರೂ ಕಣ್ಣು ಹೋಗಲಿಲ್ಲ. ಕಾಣೆಯಾದ ಓಲೆಯಿಂದ ಹಿಡಿದು ಕದ್ದ ಕೋಳಿಯವರೆಗೆ ಆ ಸುತ್ತಿನ ಜನ ಅವರ ಜಗಲಿಗೇ ಬರುತ್ತಿದ್ದರು. ಇಂಥ ಕೆಲಸಕ್ಕೆ ಹೊರಟಾಗ ಅವರು ಸೊಸೆಯನ್ನು ಬಿಟ್ಟು ಹೋದದ್ದಿಲ್ಲ. ಬಾಗಿಲು ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ತಿರುಗಿ ಬಂದು ನೋಡುವ ಹೆಣ್ಣು ಶಶಿರೇಖ. ಹೆದರುವವರ ಕಣ್ಣು ತಪ್ಪಿಸಿಕೊಳ್ಳುವುದು ಕಷ್ಟ ಎಂಬುದು ಅವಳ ಮಾವನ ಲೆಕ್ಕಾಚಾರ.

ಪುಷ್ಪ ನೀರು ಕುಡಿದು ಕತೆ ಹೇಳಿದಳು. ಅಣ್ಣ ಸುಬ್ರಮಣಿ ಮದುವೆಗಳಿಗೆ ಬಾಡಿಗೆಗೆ ಬಿಡಲೆಂದು ಬೆಂಗಳೂರಿನಿಂದ ಹಳೆಯ ಜರ್ಮನ್ ಕಾರೊಂದನ್ನು ತಂದಿದ್ದ. ಗಂಡು ಹೆಣ್ಣು ಕೂತು ಬಂದರೆ ಊರೇ ತಿರುಗಿ ನೋಡಬೇಕು, ಅಂಥ ಬಿಳೀ ಕಾರು. ಬೆಂಗಳೂರಿನಿಂದ ಬರುವಾಗ ಹೂವಿನಂತೆ ಬಂತು. ಮನೆಯಲ್ಲಿ ಪೂಜೆಯಾಯಿತು. ಮಾರನೆಯ ದಿನ ವೇಗ ಹೆಚ್ಚಿಸಿದರೆ ಚಳಿಜ್ವರ ಬಂದವರಂತೆ ನಡುಗತೊಡಗಿತು.

ರಿಪೇರಿಗೆ ಮುನೇಶನ ಶೆಡ್ಡಿಗೇ ಹೋಯಿತು. ಸುಬ್ರಮಣಿಯ ಜೊತೆ ಒಂದೇ ಬೆಂಚಿನಲ್ಲಿ ಓದಿದ ಮುನೇಶ ಈಗ ಪುಷ್ಪಳನ್ನು ಮದುವೆಯಾಗಬೇಕಾದ ಗಂಡು. ಅವನು ಒಮ್ಮೆ ಟೈರು ಬದಲಿಸಿದ, ಇನ್ನೊಮ್ಮೆ ಬುಷ್ಷು, ಮತ್ತೊಮ್ಮೆ ಇಂಜಿನ್ನಿನ ಕೆಳಗಿನ ರಬ್ಬರು. ಪ್ರತಿ ಸಲವೂ ಇಬ್ಬರೂ ಕೂತು ಕಾಮಸಮುದ್ರದವರೆಗೆ ಓಡಿಸಿ ನೋಡಿದರು. ಪ್ರತಿ ಸಲವೂ ಕಾರು ಸುಮ್ಮನಿತ್ತು. ಮನೆಯಲ್ಲಿ ಒಂದು ರಾತ್ರಿ ಕಳೆದರೆ ಮತ್ತೆ ಅದೇ ನಡುಕ. ಹೋದ ವಾರವಂತೂ ಕಾರು ಬಾಡಿಗೆಗೆ ಪಡೆದಿದ್ದ ಮದುವೆ ಗಂಡೊಬ್ಬ ಅರ್ಧ ದಾರಿಯಲ್ಲಿ ಪೇಟ ಹಿಡಿದುಕೊಂಡು ಇಳಿದು, ನೆಂಟರ ಟೆಂಪೋ ಹತ್ತಿ ಛತ್ರಕ್ಕೆ ಹೋದ. ಹೊಸ ಸಾಮಾನು ತೋರಿಸಿ ಹಳೆಯದನ್ನೇ ಹಾಕುತ್ತಿದ್ದೀಯಾ ಎಂದು ಸುಬ್ರಮಣಿ ಶೆಡ್ಡಿಗೆ ಹೋಗಿ ಕೂಗಾಡಿದ್ದ. ಈ ಸಂಜೆ ಮುನೇಶನ ಮನೆಯ ಹಿರಿಯರು ಲಗ್ನ ಗೊತ್ತು ಮಾಡಲು ಬರುವವರಿದ್ದರು. ಬಂದವರನ್ನು ಬಾಗಿಲಿಂದಲೇ ಕಳಿಸುತ್ತೇನೆ ಎಂದು ಅಣ್ಣ ಹೇಳಿಬಿಟ್ಟಿದ್ದ.

"ಮುನೇಶ ಏನಂದ?"

"ತಲೆ ಬಗ್ಗಿಸ್ಕೊಂಡು ನಿಂತಿದ್ನಂತೆ. ಅದೇ ನಂಗೂ ಭಯ ಮಾವ."

"ನಿಮ್ಮಮ್ಮ ಏನಂದ್ಲು?"

"ಅಮ್ಮನೂ ಏನೂ ಅನ್ಲಿಲ್ಲ."

ಆದಿನಾರಾಯಣಪ್ಪ ಲೋಟ ಕೆಳಗಿಟ್ಟರು. ಮಗಳ ಮದುವೆ ಮುರಿಯುವ ಹೊತ್ತಿನಲ್ಲಿ ಬಾಯಿ ತೆರೆಯದ ತಾಯಿಯ ಮೌನವೇ ಮಾವನ ಗಮನವನ್ನು ಹೆಚ್ಚು ಸೆಳೆಯಿತು ಎಂದು ಶಶಿರೇಖಳಿಗೆ ಅನಿಸಿತು. ಅನಿಸಿದ್ದು ಅವಳಿಗೇ ಇಷ್ಟವಾಗಲಿಲ್ಲ.

ಮೂವರೂ ಬಂಗಾರಪೇಟೆಯ ಮನೆ ತಲುಪಿದಾಗ ಅಮ್ಮ ಚಿಕ್ಕವೆಂಕಟಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಬೀಗರನ್ನು ಕಂಡು ಸೆರಗು ಸರಿಮಾಡಿಕೊಂಡು, ಬಿಸಿಲಲ್ಲಿ ಬಂದ್ರಿ, ಮೊದ್ಲು ಮಜ್ಜಿಗೆ ಕುಡೀರಿ ಎಂದು ಉಪಚರಿಸಿದರು. ಶಶಿರೇಖಳ ಕಣ್ಣು ಹೋದದ್ದು ಅಮ್ಮನ ಬಲಗೈ ಮೇಲೆ. ಬೆರಳ ಗೆಣ್ಣುಗಳಿಗೆ ಅರಿಶಿನದ ಬಟ್ಟೆ ಸುತ್ತಿತ್ತು. ಈಳಿಗೆಮಣೆ ತಾಕಿತು ಎಂದರು ಅಮ್ಮ. ಈಳಿಗೆಮಣೆ ಬೆರಳ ತುದಿಯನ್ನು ಕೊಯ್ಯುತ್ತದೆ, ಗೆಣ್ಣಿನ ಮೇಲನ್ನು ತರಚುವುದಿಲ್ಲ. ಅಮ್ಮನಿಗೆ ಕಣ್ಣು ಮಂಜಾಗುತ್ತಿದೆಯೇನೋ ಎಂಬ ಹೊಸ ಚಿಂತೆಯೊಂದು ಶಶಿರೇಖಳನ್ನು ಹಿಡಿದುಕೊಂಡಿತು.

ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು. ಸಾರಿಗೆ ಉಪ್ಪೇ ಇರಲಿಲ್ಲ.

"ಮೊನ್ನೆ ತಾನೆ ಕಲ್ಲುಪ್ಪು ತಂದಿದ್ನಲ್ಲಮ್ಮ," ಎಂದಳು ಪುಷ್ಪ. "ಅದ್ಕೂ ಮೊದ್ಲ ವಾರಾನೂ ತಂದಿದ್ದೆ."

"ಮುಗ್ದೋಯ್ತು. ಮಾತಾಡ್ದೆ ಉಣ್ಣು."

ಆದಿನಾರಾಯಣಪ್ಪ ಸಪ್ಪೆ ಸಾರನ್ನು ಹೊಗಳಿಕೊಂಡೇ ಉಂಡರು. ಆಮೇಲೆ ಒಳಗೆ ಮಲಗಿದ್ದ ಸುಬ್ರಮಣಿಯನ್ನು ಎಬ್ಬಿಸಿ ಕಾರಿನಲ್ಲಿ ಕೂತರು. ಹಿಂದೆ ಶಶಿರೇಖ. ಊರು ದಾಟಿ ಕಾಮಸಮುದ್ರದ ದಾರಿ ಹಿಡಿದಾಗ ಮೊದಮೊದಲು ಎಲ್ಲ ಸರಿಯಿತ್ತು. ವೇಗ ಏರಿತು ನೋಡಿ, ಸ್ಟೇರಿಂಗು ಸುಬ್ರಮಣಿಯ ಕೈಯಲ್ಲಿ ಜಿಗಿಯತೊಡಗಿತು. ಮುಂದಿನ ಗಾಜಿನ ಬಳಿಯ ಪುಟ್ಟ ಗಣಪತಿ ಬೇಡ ಬೇಡ ಎನ್ನುವಂತೆ ತಲೆಯಾಡಿಸಿದ. ಶಶಿರೇಖ ಕೂತ ಸೀಟೂ ನಡುಗಿತು, ಹಲ್ಲು ಕಟಕಟ ಎಂದವು.

ಮಾವ ನಿಧಾನ ಮಾಡಿಸಿದರು. ನಡುಕ ನಿಂತಿತು. ಜೋರು ಮಾಡಿಸಿದರು. ಬಂತು. ಕಾರನ್ನು ನಿಲ್ಲಿಸಿ ಇಂಜಿನ್ನನ್ನಷ್ಟೇ ಗುರುಗುಟ್ಟಿಸಲು ಹೇಳಿದರು. ಗಣಪತಿ ಅಲುಗಾಡಲಿಲ್ಲ.

"ನಿಂತಾಗ ಇಲ್ಲ, ಓಡಿದ್ರೆ ಐತೆ. ಅಂದ್ರೆ ಒಟ್ಟೇಲಿಲ್ಲ ರೋಗ, ಕಾಲಲ್ಲೈತೆ," ಎಂದು ಕೆಳಗಿಳಿದು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಸುಬ್ರಮಣಿ ಫೋನಿನಲ್ಲಿ ಮಾತಾಡುತ್ತ ಆಚೆ ಹೋದ. "ಶಶಿ, ನಿನ್ನ ಕೈ ಸಣ್ಣದು. ಲೈಟ್ ಬಿಟ್ಕೊಂಡು, ಈ ಕಡ್ಡಿಗಳ ಸಂದೀಲಿ ಒಳಗೆ ತಡವಿ ನೋಡಮ್ಮ."

ಅವಳು ಫೋನಿನ ಬೆಳಕು ಹಾಯಿಸಿ ಕೈ ತೂರಿಸಿದಳು. ಚಕ್ರದ ಒಳಮೈಯಲ್ಲೆಲ್ಲ ಕಪ್ಪು ಧೂಳು. ಒಂದು ಕಡೆ ಮಾತ್ರ ಉದ್ದನೆಯ ಚೌಕ ಜಾಗ ಚೊಕ್ಕಟವಾಗಿತ್ತು. ಅಲ್ಲಿ ಒಣಗಿದ ಗೋಂದು, ಗೋಂದಿನ ಮೇಲೆ ಚಾಕುವಿನಿಂದ ಕೆರೆದ ಗೀರುಗಳು. ಗೀರಿನ ಸಂದಿಯಲ್ಲಿ ಹಳದಿ. ಮೂಸಿ ನೋಡಿದರೆ ಅರಿಶಿನ. ಉಳಿದ ಚಕ್ರಗಳಲ್ಲೂ ಅದೇ ಗುರುತು.

ಕೈ ಹೊರಗೆಳೆಯುವಾಗ ಕಡ್ಡಿಯ ಅಂಚು ತಾಕಿ ಉರಿಯಿತು. ನೋಡಿಕೊಂಡರೆ ಗೆಣ್ಣಿನ ಮೇಲೆ ತರಚಿತ್ತು.

ಶಶಿರೇಖ ತನ್ನ ಗೆಣ್ಣನ್ನು ನೋಡುತ್ತ ಅಲ್ಲೇ ಕೂತುಬಿಟ್ಟಳು. "ಮಾವ, ಇದನ್ನ ಇಲ್ಲಿಗೇ ಬಿಟ್ಟುಬಿಡೋಣ," ಎಂದಳು ಕೊನೆಗೆ.

"ಬಿಟ್ರೆ ಪುಷ್ಪನ ಮದ್ವೇನೂ ಬಿಟ್ಟಂಗೆ. ಎದ್ದೇಳಮ್ಮ. ಯಾರ ಮರ್ಯಾದೇನೂ ಕಳ್ಯಲ್ಲ ನಾನು."

ಸಂಜೆ ಹಿರಿಯರು ಬರುವ ಮೊದಲೇ ಆದಿನಾರಾಯಣಪ್ಪ ಮುನೇಶನನ್ನು ಕರೆಸಿದರು. ಹಸುವಿನ ಕೊಟ್ಟಿಗೆಯ ಪಕ್ಕ, ತಗಡಿನ ಚಪ್ಪರದ ಕೆಳಗೆ ಎಲ್ಲರೂ ಸೇರಿದರು. ಸುಬ್ರಮಣಿ ಕಾರಿಗೆ ಒರಗಿ ನಿಂತ. ಮುನೇಶ ದೂರದ ಕಲ್ಲಿನ ಮೇಲೆ ಕೂತ. ಚಿಕ್ಕವೆಂಕಟಮ್ಮ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಶಶಿರೇಖ ಹೋಗಿ ಅಮ್ಮನ ಪಕ್ಕಕ್ಕೇ ಅಂಟಿ ಕೂತಳು.

"ಕಾಯಿಲೆ ಬಿದ್ದ ಮಿಷಿನ್ನು ಒಂದಿನ ವಾಸಿಯಾಗಿ ಮತ್ತೆ ಮಲಗಲ್ಲ," ಎಂದು ಮಾವ ಶುರುಮಾಡಿದರು. "ಬೆಂಗಳೂರಿಂದ ಬರೋವಾಗ ಸರ್ಯಾಗಿತ್ತು. ಶೆಡ್ಡಿಂದ ಬರೋವಾಗ್ಲೂ ಸರ್ಯಾಗಿತ್ತು. ಕೆಡೋದು ಈ ಚಪ್ಪರದ ಕೆಳಗೆ ನಿಂತ ಮೇಲೆ. ಲೇ ಮುನೇಶ, ಪ್ರತಿ ಸಲ ಕೊನೇಲಿ ಚಕ್ರದೊಳಗೆ ಏನೋ ಅಂಟಿಸ್ತೀಯಲ್ಲ, ಏನದು?"

ಮುನೇಶನ ಮುಖ ಕೆಂಪಾಯಿತು. ಯಾವ ಚಕ್ರವೂ ಸುತ್ತ ಒಂದೇ ತೂಕ ಇರುವುದಿಲ್ಲ, ಹಗುರ ಇರುವ ಕಡೆ ಸೀಸದ ಸಣ್ಣ ಬಿಲ್ಲೆಗಳನ್ನು ಅಂಟಿಸಿ ಸಮ ಮಾಡಬೇಕು, ಇಲ್ಲದಿದ್ದರೆ ಜೋರಾಗಿ ಓಡುವಾಗ ಗಾಡಿ ಒದರುತ್ತದೆ ಎಂದು ವಿವರಿಸಿದ.

"ಆ ಬಿಲ್ಲೆ ಇರ್ತಿರ್ಲಿಲ್ಲ ಅಲ್ವಾ, ಗಾಡಿ ವಾಪಸ್ ಬಂದಾಗ?"

"ಇರ್ತಿರ್ಲಿಲ್ಲ ಮಾವ," ಎಂದ ಮುನೇಶ ನೆಲ ನೋಡುತ್ತ. "ಅಗ್ಗದ ಗೋಂದಿನ ಬಿಲ್ಲೆ ತಂದಿದ್ದೆ. ಅದೇ ಬಿಟ್ಕೊಂಡು ಬೀಳ್ತೈತೆ ಅನ್ಕೊಂಡೆ. ಇವ್ನತ್ರ ಎಂಗೇಳಾದು? ಬೇರೆ ಏನಾದ್ರೂ ಸರಿ ಮಾಡ್ದಂಗೆ ಮಾಡಿ ಬಿಲ್ಲೆ ತಿರ್ಗಾ ಅಂಟಿಸ್ತಿದ್ದೆ."

"ಅಂದ್ರೆ ನನ್ನ ಬುಷ್ಷು ಸುಮ್ಸುಮ್ನೆ ಬಿಚ್ದಾ?" ಸುಬ್ರಮಣಿ ಮುಂದೆ ಬಂದ.

"ತಡ್ಯಲಾ," ಎಂದರು ಆದಿನಾರಾಯಣಪ್ಪ. "ಅವ್ನ ಗೋಂದು ಚೆನ್ನಾಗೇ ಐತೆ. ತಾನಾಗಿ ಬಿದ್ದಿದ್ರೆ ದಾರೀಲಿ ಒಂದೊಂದಾಗಿ ಬೀಳ್ಬೇಕು, ಒಂದೇ ರಾತ್ರಿ ಎಲ್ಲಾ ಚಕ್ರದ್ದೂ ಬೀಳಲ್ಲ. ಅಲ್ಲಿ ಚಾಕು ಗೀರೈತೆ. ಅಂಗಾದ್ರೆ ಯಾರೋ ಕಿತ್ರು. ಸೀಸದ ಚೂರು ಕದ್ದು ಯಾರೂ ಸಾವ್ಕಾರಾಗಲ್ಲ. ಹಗೆಗೆ ಕಿತ್ತಿದ್ರೆ ಕಿತ್ತು ಓಡೋಗ್ತಿದ್ರು. ಇವ್ರು ಕಿತ್ತ ಜಾಗಕ್ಕೆ ಅರಿಶಿನದ ನೀರು ಆಕಿ ತೊಳ್ದವ್ರೆ. ಕೆಡಿಸೋಕೆ ಬಂದವ್ರು ಅರಿಶಿನ ಆಕ್ತಾರಾ? ಕಾಪಾಡೋಕೆ ಬಂದವ್ರು ಆಕ್ತಾರೆ."

ಮಾವ ದನಿ ತಗ್ಗಿಸಿದರು. "ಗೇಟಿನಾಗೆ ನಾನು ಯಾರ ಮುಷ್ಟೀನೂ ಬಲವಂತವಾಗಿ ಬಿಚ್ಚಿಸ್ದೋನಲ್ಲ. ನೀನೇ ತೆಗ್ದು ಇಡಪ್ಪ ಅಂತಿದ್ದೆ. ಉಪ್ಪಿನ ಜೊತೆ ಮುಚ್ಚಿಟ್ಟಿರೋದ ಯಾರಾದ್ರೂ ತಂದಿಟ್ರೆ ಈ ಮಾತು ಇಲ್ಲಿಗೆ ಮುಗೀತು."

ಶಶಿರೇಖ ಅಮ್ಮನ ಸುತ್ತಿದ ಕೈಯನ್ನು ಹಿಡಿದುಕೊಂಡಳು. ಚಿಕ್ಕವೆಂಕಟಮ್ಮ ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋದರು. ಬರುವಾಗ ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಕುಡಿಕೆ ತಂದು ಬೀಗರ ಮುಂದಿಟ್ಟರು. ಕಲ್ಲುಪ್ಪಿನ ನಡುವೆ ಸೀಸದ ಬಿಲ್ಲೆಗಳು ಹುದುಗಿದ್ದವು. ಚೌಕ ಚೌಕ, ಒಂದೊಂದು ಚೌಕದ ಮೇಲೂ ಅಚ್ಚೊತ್ತಿದ ಅಂಕಿ.

"ಮಾಟದ ತಗಡು ಅನ್ಕೊಂಡೆ," ಎಂದರು ಅವರು. "ಪೂಜೆ ದಿನ ಚಕ್ರ ತೊಳ್ಯೋವಾಗ ಕಂಡ್ತು. ಚೌಕ್ದಾಗೆ ಅಂಕಿ ಬರ್ದು ಅಂಟಿಸವ್ರೆ. ಮಂತ್ರವಾದಿ ಬರ್ಕೊಡೋ ಯಂತ್ರನೂ ಅಂಗೇ ಅಲ್ವಾ ಇರೋದು? ಮಾರಿದೋನು ಮಾಡ್ಸವ್ನೆ ಅಂತ ಕಿತ್ತು ಉಪ್ಪಿನಾಗಾಕ್ದೆ. ಶೆಡ್ಡಿಗೋಗಿ ಬಂದ್ರೆ ಮತ್ತೆ ಐತೆ. ಮತ್ತೆ ಕಿತ್ತೆ. ಮತ್ತೆ ಐತೆ. ಅವಾಗ..." ಅವರು ಮುನೇಶನ ಕಡೆ ನೋಡಲಾಗದೆ ಹಸುವಿನ ಕಡೆ ನೋಡಿದರು. "ನೀನೇ ಮಾಡಿಸ್ತಿದ್ದೀಯ ಅನ್ಕೊಂಡೆ ನಾಯನಾ. ಕೂಸಿದ್ದಾಗಿಂದ ಈ ಮನೇಲುಂಡೋನು ಇಂಗ್ಯಾಕೆ ಮಾಡ್ತಾನೆ ಅಂತ ಅತ್ತಿದ್ದೀನಿ. ಬಾಯ್ಬಿಟ್ರೆ ಮಾಟ ಬಿಗಿಯಾಗ್ತೈತೆ ಅಂತಾರೆ. ಅದ್ಕೇ ಯಾರಿಗೂ ಯೋಳ್ಲಿಲ್ಲ."

ಸುಬ್ರಮಣಿ ಕಾರಿನ ಮೇಲೆ ತಲೆಯಿಟ್ಟ. ನಗುತ್ತಿದ್ದನೋ ಅಳುತ್ತಿದ್ದನೋ ಶಶಿರೇಖಳಿಗೆ ತಿಳಿಯಲಿಲ್ಲ. ಅವನು ಮುನೇಶನ ಹತ್ತಿರ ಹೋಗಿ, ಅದೇ ಕಲ್ಲಿನ ಮೇಲೆ ಒತ್ತಿಕೊಂಡು ಕೂತು, ಗೆಳೆಯನ ಬೆನ್ನಿಗೆ ಗುದ್ದಿದ.

"ಊರೆಲ್ಲಾ ಕೇಳೋಂಗೆ ಕಳ್ಳ ಅಂದ್ಯಲ್ಲಾ," ಎಂದ ಮುನೇಶ.

"ಅಂದೆ. ನಾಳೆ ಅದೇ ಜಾಗ್ದಾಗೆ ನಿಂತು ತಪ್ಪಾಯ್ತು ಅಂತೀನಿ. ಸಾಕಾ?"

ಎಲ್ಲ ಮುಗಿಯಿತು ಎಂದುಕೊಂಡರೆ ಪುಷ್ಪ ಸುಮ್ಮನಿರಲಿಲ್ಲ. "ಅವ್ನಿಗೆ ಯೋಳ್ಲಿಲ್ಲ, ಸರಿ. ಬಿಲ್ಲೆ ಬಿದ್ದೋಗ್ತೈತೆ ಅಂತ ನಂಗ್ಯಾಕೆ ಯೋಳ್ಲಿಲ್ಲ?" ಎಂದು ಮುನೇಶನನ್ನೇ ಕೇಳಿದಳು.

"ನಿಂಗೇ ಯೋಳೋಕೆ ಜಾಸ್ತಿ ನಾಚ್ಕೆ ಆಗಿದ್ದು."

"ಮುಂದೆ ಅಂಗಾದ್ರೆ ನಾನೂ ಒಪ್ಪಲ್ಲ. ಕೆಟ್ಟಿದ್ದು ಕೆಡ್ತು ಅಂತ ಮೊದ್ಲು ನಂಗೇಳ್ಬೇಕು."

"ಯೋಳ್ತೀನಿ," ಎಂದ ಅವನು, ಶಾಲೆಯಲ್ಲಿ ಮೇಷ್ಟರಿಗೆ ಉತ್ತರ ಕೊಡುವವನಂತೆ.

ಹಿರಿಯರು ಬರಲು ಇನ್ನೂ ಹೊತ್ತಿತ್ತು. ಕಾರು ಮುನೇಶನ ಶೆಡ್ಡಿಗೆ ಹೋಯಿತು, ಹಿಂದೆಯೇ ಎಲ್ಲರೂ ನಡೆದರು. ಅವನು ಚಕ್ರಗಳನ್ನು ಮಿಷಿನ್ನಿಗೆ ಹಾಕಿ ತಿರುಗಿಸಿದ. ಆದರೆ ಹೊಸ ಬಿಲ್ಲೆಗಳನ್ನು ತಾನು ಅಂಟಿಸಲಿಲ್ಲ. ಹಿಂದಿನ ಕಾಗದ ಸುಲಿದು, ಒಂದೊಂದನ್ನೇ ಚಿಕ್ಕವೆಂಕಟಮ್ಮನ ಅಂಗೈಗೆ ಕೊಟ್ಟು, ಎಲ್ಲಿ ಒತ್ತಬೇಕೆಂದು ಬೆರಳಿಟ್ಟು ತೋರಿಸಿದ. ಅವರು ಪ್ರತಿಯೊಂದನ್ನೂ ಕಣ್ಣಿಗೊತ್ತಿಕೊಂಡು, ಹೆಬ್ಬೆರಳಿನಿಂದ ಬಲವಾಗಿ ಒತ್ತಿದರು.

ಆಮೇಲೆ ಎಲ್ಲರೂ ಕಾರಿನೊಳಗೆ ತುಂಬಿಕೊಂಡರು. ಚಿಕ್ಕವೆಂಕಟಮ್ಮನನ್ನು ಮುಂದೆ ಕೂರಿಸಿ ಮುನೇಶ ಓಡಿಸಿದ. ಕಾಮಸಮುದ್ರದ ದಾರಿಯಲ್ಲಿ ವೇಗ ಏರಿದಂತೆ ಶಶಿರೇಖ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು, ನಡುಕಕ್ಕಾಗಿ ಕಾದಳು. ಹೊರಗೆ ಟೊಮೇಟೊ ತೋಟಗಳು ಸರಸರನೆ ಹಿಂದಕ್ಕೆ ಓಡುತ್ತಿದ್ದವು. ಒಳಗೆ ಏನೂ ಅಲುಗಲಿಲ್ಲ. ಮಾವ ಆಗಲೇ ತೂಕಡಿಸುತ್ತಿದ್ದರು.

ಅಮ್ಮ ಬಗ್ಗಿ ಕಾಲ ಕೆಳಗೊಮ್ಮೆ, ಗಾಜಿನಾಚೆಗೊಮ್ಮೆ ನೋಡಿದರು.

"ಏನಪ್ಪಾ, ಓಡ್ತೈತೋ ನಿಂತೈತೋ ಇದು?"

ಇಷ್ಟು ವರ್ಷ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದ ಮುನೇಶ ದಾರಿಯಿಂದ ಕಣ್ಣು ತೆಗೆಯದೆ, ಮೆಲ್ಲಗೆ ಹೇಳಿದ.

"ಓಡ್ತೈತೆ, ಅತ್ತೆ."